ಏಳೆಂಟ್ಲ ಎಷ್ಟು?

ಮಗಳು ಮಗ್ಗಿಯನ್ನು ಹಾಡಿಕೊಂಡು ಕಲಿಯುತ್ತಿದ್ದಳು. ಹಾಡಿದ್ದು ತಲೆಯಲ್ಲಿ ನಿಲ್ಲುವುದಿಲ್ಲವೆಂದು ಗದರಿಸಿ, ಹತ್ತು ಹತ್ತು ಸಲ ಬರೆಸಿದೆ. ಆದರೂ ಪರೀಕ್ಷೆಯಲ್ಲಿ ಅಂಕ ಹೋಯಿತು. ಜಗಳಕ್ಕೆಂದೇ ಶಾಲೆಗೆ ಹೋದೆ.

"ಬಾಯಲ್ಲಿ ಕೇಳಿದ್ರೆ ಸರಿಯಾಗೇ ಹೇಳ್ತಾಳೆ ಸಾರ್. ಬರೆಯುವಾಗ ಮಾತ್ರ ಏಳೆಂಟ್ಲ ಐವತ್ನಾಲ್ಕು ಅಂತ ಬರೀತಾಳೆ," ಎಂದರು ಟೀಚರ್.

"ಸಾಧ್ಯವೇ ಇಲ್ಲ! ಮನೇಲಿ ಹತ್ತು ಸಲ ಬರೆದಿದ್ದಾಳೆ." ಮಗಳತ್ತ ತಿರುಗಿದೆ. "ತೆಗಿಯೇ ಪುಸ್ತಕಾನ!"

ಅವಳು ಪುಸ್ತಕ ತೆರೆದು, ಹಾಳೆಯ ಮೇಲ್ಭಾಗಕ್ಕೆ ಅಂಗೈ ಒತ್ತಿ ಹಿಡಿದಳು. ಕೆಳಗಿನ ಹತ್ತೂ ಸಾಲಿನಲ್ಲಿ ಐವತ್ನಾಲ್ಕೇ ಇತ್ತು.

"ನೋಡ್ಕೊಂಡು ಬರೆಯೋಕೂ ಬರಲ್ವೇನೇ ನಿಂಗೆ?" ಎಂದು ಇಡೀ ತರಗತಿಯ ಎದುರು ಕೂಗಿ, ಅವಳ ಕೈ ಎಳೆದೆ.

ಅಂಗೈಯ ಕೆಳಗೆ, ನೋಡಿ ಬರೆಯಲೆಂದು ನಾನೇ ಹಾಕಿಕೊಟ್ಟಿದ್ದ ಸಾಲಿತ್ತು: 7 × 8 = 54.