ಗಿರಿಜಾ ಚಿಕ್ಕಮ್ಮನ ಚಿತ್ರಕಥೆ

ಕಪ್ಪು ಇಂಕಿನ ವಾಸನೆ ಬಂದರೆ ಈಗಲೂ ಶಿರಾಳಕೊಪ್ಪದ ಆ ಮಧ್ಯಾಹ್ನ ನೆನಪಾಗುತ್ತದೆ. ಗಿರಿಜಾ ಚಿಕ್ಕಮ್ಮ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಪ್ರತಿ ತಿಂಗಳೂ ಚಿತ್ರಕಥೆ ಬರೆಯುತ್ತಿದ್ದಳು. ಅಂಚೆಯಲ್ಲಿ ಬಂದ ಹೊಸ ಸಂಚಿಕೆಯನ್ನು ನಾನೇ ಬಿಚ್ಚಿದೆ. ಒರಟು ಕಾಗದದ ಮೇಲೆ ಅವಳದೇ ಚಿತ್ರಗಳು. ಕೆಳಗೆ ಮಾತ್ರ ಸಂಪಾದಕರ ಹೆಸರು.

“ನಿನ್ ಹೆಸ್ರೇ ಇಲ್ವಲ್ಲ ಚಿಕ್ಕಮ್ಮ?”

“ಯಾವತ್ತೂ ಹಾಕಿಲ್ಲ,” ಅಂದಳು.

ಪಕ್ಕದಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದ ಅಜ್ಜಿ, “ಹೋಗ್ಲಿ ಬಿಡವ್ವ, ಹೆಸ್ರು ತಗಂಡು ಏನ್ ಮಾಡ್ತೀಯ?” ಎಂದಳು.

ಚಿಕ್ಕಮ್ಮ ಮುಂದಿನ ಕಂತಿನ ಹಾಳೆ ಎಳೆದುಕೊಂಡಳು. ಕಥೆಯ ಹುಡುಗಿ ಸಂತೆಯಲ್ಲಿ ದಾರಿ ತಪ್ಪಿದ್ದಳು. ಅವಳ ಬೆನ್ನ ಹಿಂದೆ ಕಾಣುವ ಅಂಗಡಿಗೆ ಚಿಕ್ಕಮ್ಮ ಒಂದು ಬೋರ್ಡು ಬರೆದಳು. ಸಣ್ಣ ಕುಂಚ ಅದ್ದಿ, ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ತುಂಬಿದಳು: ‘ಗಿರಿಜಾ ಬಳೆ ಅಂಗಡಿ’.

ಮುಂದಿನ ತಿಂಗಳು ಅದು ಹಾಗೇ ಅಚ್ಚಾಗಿ ಬಂತು. ಅಜ್ಜಿ ಕನ್ನಡಕ ಹಾಕಿಕೊಂಡು ಆ ಬೋರ್ಡನ್ನು ಎರಡು ಸಲ ಓದಿದಳು.