ಈಟಿಗಾರನ ಮನೆಯವಳು

ಜೂನ್ ತಿಂಗಳು, ಹೊತ್ತು ನೆತ್ತಿಗೆ ಬರುವ ಸಮಯ. ಈಟಿ ನಾಟಿದ ತಿಮಿಂಗಿಲ ದೋಣಿಯನ್ನೇ ಎಳೆದುಕೊಂಡು ತೆಂಕಲಿಗೆ ಓಡುತ್ತಿತ್ತು. ನಮ್ಮೂರು ಲಮಾಲೆರಾದ ದಂಡೆ ಆಗಲೇ ಕಣ್ಮರೆ. ಈಟಿಗೆ ಕಟ್ಟಿದ ಹಗ್ಗ ಉಜ್ಜಿ ಉಜ್ಜಿ ದೋಣಿಯ ಅಂಚಿನಿಂದ ಹೊಗೆ ಏಳುತ್ತಿತ್ತು. ಇಬ್ಬರು ಅದಕ್ಕೆ ನೀರು ಹೊಯ್ಯುತ್ತಿದ್ದರೆ ಉಳಿದವರು ಒಳಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುತ್ತಿದ್ದರು.

"ಯಾರೋ ಮನೇಲಿ ಜಗಳ ಬಿಟ್ಟು ಬಂದಿದ್ದೀರಿ," ಎಂದ ಚುಕ್ಕಾಣಿ ಹಿಡಿದ ಮುದುಕ ಲಾಗಾ. "ಇಲ್ಲದಿದ್ರೆ ಮೀನು ಹೀಗೆ ಎಳೆಯಲ್ಲ. ಬಾಯಿ ಬಿಡಿ, ಇಲ್ಲ ಹಗ್ಗ ಕಡೀತೀನಿ."

ಹಗ್ಗ ಕಡಿದರೆ ಊರಿನ ಜೋಳವೇ ಹೋದಂತೆ. ಮಾಂಸ ಕೊಟ್ಟು ಬೆಟ್ಟದವರಿಂದ ಜೋಳ ತರುವವರು ನಾವು.

"ತಮ್ಮನ ಕೋಳಿ ಕದ್ದು ತಿಂದಿದ್ದೆ ಮಾವ," ಎಂದ ಬೆಡಾ.

"ಅದು ಊರಿಗೇ ಗೊತ್ತು. ಬೇರೆ ಯಾರು?"

ಮುಂದಿನ ಹಲಗೆಯ ಮೇಲೆ ನಿಂತಿದ್ದ ಈಟಿಗಾರ ಸುಬಾನ್ ತಿರುಗಿ ನೋಡಲಿಲ್ಲ. "ತನ್ನ ಅವ್ವನ್ನ ನೋಡೋಕೆ ಬೆಟ್ಟಕ್ಕೆ ಹೋಗ್ತೀನಿ ಅಂದ್ಲು ನನ್ನ ಹೆಂಡ್ತಿ ಕೇವಾ. ಮುದುಕಿ ಹಾಸಿಗೆ ಹಿಡಿದಿದ್ದಾಳೆ. ಬೇಟೆಗಾಲ ಮುಗಿಯೋವರೆಗೂ ಹೊಸ್ತಿಲು ದಾಟಬೇಡ ಅಂದುಬಿಟ್ಟೆ. ಅತ್ತಳು."

"ಮುದುಕಿ ಅಲ್ಲೀವರೆಗೆ ಇರ್ತಾಳಾ?" ಎಂದ ಲಾಗಾ.

ಈಟಿಗಾರ ಕಡಲಲ್ಲಿರುವಾಗ ಅವನ ಹೆಂಡತಿ ಮನೆಯಲ್ಲಿ ಅಲ್ಲಾಡದೆ ಕೂತಿರಬೇಕು. ಅವಳು ಅಲೆದಾಡಿದರೆ ಮೀನೂ ಅಲೆದಾಡುತ್ತದೆ. ಸುಬಾನನ ತಾಯಿಯೂ ಹಾಗೇ ಕೂತವಳು. ದೋಣಿಯ ಮೂತಿ ನೀರಿಗೆ ಇಳಿಯಿತು. ಲಾಗಾ ಕತ್ತಿ ಎತ್ತಿದ.

"ಅವಳು ಹೋಗಲಿ ಮಾವ," ಎಂದು ಸುಬಾನ್ ಕೂಗಿದ. "ನಾಳೇನೇ ಹೋಗಲಿ."

ಹಗ್ಗ ಸಡಿಲಾಯಿತು. ಪಕ್ಕದಲ್ಲೇ ಮೀನು ಎದ್ದು ಕೆಂಪು ನೀರು ಉಗುಳಿತು. ಸುಬಾನ್ ಇನ್ನೊಂದು ಈಟಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಮೀನಿನ ಬೆನ್ನಿಗೇ ಹಾರಿದ. ಅದನ್ನು ಎಳೆದುಕೊಂಡು ಬರುವಾಗ ದಾರಿಯುದ್ದಕ್ಕೂ ಹಾಡು.

ಮಾರನೆಯ ಬೆಳಿಗ್ಗೆ ದಂಡೆಯಲ್ಲಿ ಮಾಂಸ ಹಂಚುತ್ತಿರುವಾಗಲೇ ಮತ್ತೆ ತಿಮಿಂಗಿಲ ಕಂಡವರ ಕೂಗೆದ್ದಿತು: "ಬಲೇಓ, ಬಲೇಓ." ತಿಮಿಂಗಿಲಗಳ ಹಿಂಡೇ ಬಂದಿತ್ತು. ದೋಣಿಗಳು ಒಂದರ ಹಿಂದೆ ಒಂದು ನೀರಿಗಿಳಿದವು. ಸುಬಾನನ ದೋಣಿಯವರು ಹುಟ್ಟು ಹಿಡಿದು ಓಡಿಬಂದರೆ, ಅವನು ದೋಣಿಗೆ ಒರಗಿ ಕೂತಿದ್ದ. ಬೆಟ್ಟದ ದಾರಿಯಲ್ಲಿ, ತಲೆಮೇಲೆ ಮಾಂಸದ ಬುಟ್ಟಿ ಹೊತ್ತ ಕೇವಾ ಕೂಗು ಕೇಳಿ ನಿಂತುಬಿಟ್ಟಿದ್ದಳು.

"ಅವಳನ್ನ ವಾಪಸ್ ಕರಿ ಅಣ್ಣ, ಇನ್ನೂ ದೂರ ಹೋಗಿಲ್ಲ," ಎಂದ ಬೆಡಾ.

ಸುಬಾನ್ ಎದ್ದು ನಿಂತು, ಹೋಗು ಎಂದು ಅವಳಿಗೆ ಕೈ ಬೀಸಿದ.

"ಮತ್ತೆ ನಾವು?"

"ಕೂತ್ಕೊಳ್ಳಿ. ಅವಳು ಇಷ್ಟು ವರ್ಷ ಕೂತಿರಲಿಲ್ವಾ?"

ಕೇವಾ ಬೆಟ್ಟದ ಕಡೆ ತಿರುಗಿ ಹೊರಟಳು.