ಜಪಾನಿ ಹಾಡುಗಾರ್ತಿ

ಜಪಾನಿನಿಂದ ಹೊಸ ಪ್ರೊಗ್ರೆಸಿವ್ ರಾಕ್ ರೆಕಾರ್ಡು ಬಂತೆಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಗಂಡ ಅದರ ಕವರಿಗೆ ಸುತ್ತಿದ ಕಾಗದದ ಪಟ್ಟಿಯನ್ನು ಕೂಸಿನ ಬಟ್ಟೆ ಬಿಚ್ಚುವ ಹಾಗೆ ಮೆಲ್ಲಗೆ ಬಿಚ್ಚುತ್ತಿದ್ದ. ರೆಕಾರ್ಡು ಹಾಕಿ, ಸದ್ದು ಪೂರ್ತಿ ಏರಿಸಿ, ಆಮೇಲೆ ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ಒಂದು ಬದಿಗೆ ಒಂದೇ ಹಾಡು, ಇಪ್ಪತ್ತೆರಡು ನಿಮಿಷ. ಅದು ಮುಗಿಯುವವರೆಗೂ ಅವನ ಕೈ ನಿಲ್ಲುತ್ತಿರಲಿಲ್ಲ.

ಮೇಲಿನ ಮನೆಯ ಪಂಕಜಮ್ಮ ಒಮ್ಮೆ ಮೆಟ್ಟಿಲಲ್ಲಿ ಅವಳನ್ನು ತಡೆದು ಕೇಳಿದ್ದರು. "ಅದೇನ್ರೀ ನಿಮ್ಮ ಯಜಮಾನ್ರ ಟೇಸ್ಟು! ಡ್ರಮ್ಮು, ಗಿಟಾರು ಎಲ್ಲಾ ಸರಿ. ನಡುನಡುವೆ ಆ ಹೆಂಗಸು ಯಾಕ್ರೀ ಹಾಗೆ ಕಿರುಚ್ಕೋತಾಳೆ?"

"ಜಪಾನಿನೋರು ಹಾಡೋದೇ ಹಾಗಂತೆ," ಎಂದು ಅವಳು ಕತ್ತಿನ ಬಾಸುಂಡೆಯ ಮೇಲೆ ಸೆರಗು ಎಳೆದುಕೊಂಡಿದ್ದಳು.

ಈ ಭಾನುವಾರ ಮತ್ತೊಂದು ಪಾರ್ಸೆಲ್ಲು ಬಂತು. ಅವನು ಪಟ್ಟಿ ಬಿಚ್ಚಿ ರೆಕಾರ್ಡು ಹಾಕುವುದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅವನು ಸದ್ದನ್ನು ಪೂರ್ತಿ ಏರಿಸುವವರೆಗೂ ಕಾದಳು.

ಮರುದಿನ ಪಂಕಜಮ್ಮ ಮತ್ತೆ ಮೆಟ್ಟಿಲಲ್ಲೇ ಸಿಕ್ಕರು.

"ನಿನ್ನೆ ಹಾಕಿದ್ದು ಹೊಸಾ ರೆಕಾರ್ಡಾ? ಅದ್ರಲ್ಲಿ ಕಿರುಚ್ಕೊಂಡಿದ್ದು ಗಂಡಸು ಅಲ್ವೇನ್ರೀ?"